ತೊಂಬತ್ತೆರಡು ಗ್ರಾಂ ಬೆಳ್ಳಿ

ಪಶ್ಚಿಮ ತಾಂಬರಂ, ಚೆನ್ನೈ
22-1-2026, ಗುರುವಾರ, ಬೆಳಿಗ್ಗೆ

ಚಿ. ಕೋಮಲಾಗೆ,

ನಿನ್ನ ಮಾವ ಗುರುಬಸಪ್ಪನ ಆಶೀರ್ವಾದ. ಇದರ ಮುಂದೆ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ನನ್ನ ಎಡ ಮೊಣಕಾಲು ಊದಿದೆ, ನಲ್ಲಿಯಲ್ಲಿ ನೀರು ಬಂದು ಎರಡು ದಿನವಾಯಿತು, ನಿನ್ನ ಮಗಳು ಬಿಂದು ನನ್ನ ಜೊತೆ ಮಾತು ಬಿಟ್ಟು ಅದೂ ಎರಡು ದಿನವಾಯಿತು. ಕೊನೆಯದಕ್ಕೆ ಕಾರಣ ನಾನೇ. ಅದನ್ನು ಹೇಳುವುದಕ್ಕೆ ಈ ಪತ್ರ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ಬ್ಯಾಡಗಿಯಿಂದ ಈ ಊರಿನ ಮೆಣಸಿನಕಾಯಿ ಮಂಡಿಗೆ ಬಂದವನು. ಮಂಡಿಯ ಪತ್ರ ಬರೆದು ಮಾತ್ರ ಗೊತ್ತು. ಮಾಲು ಬಂತು, ಮಾಲು ಹಸಿ ಇದೆ, ಇನ್ನೊಮ್ಮೆ ಹೀಗೆ ಕಳಿಸಿದರೆ ವಾಪಸ್ಸು. ಇಷ್ಟೇ ಬರೆದು ಐವತ್ತು ವರ್ಷ ಕಳೆದೆ. ಇದೂ ಹಾಗೇ ಇರುತ್ತದೆ. ಸಿಟ್ಟು ಬಂದರೆ ಎರಡು ಸಲ ಓದು.

ಮೊದಲು ಮಾಲಿನ ವಿಷಯ.

ನೀನು ನಡಿಗೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತು ನನ್ನ ಕೈಗೆ ಒಂದು ಪಾರ್ಸಲ್ಲು ಕೊಟ್ಟೆ. “ಮಾವಾರ, ಒಂದನೇದು ಎರಡನೇದು ಮೊದಲಿನ ಊರಿಗೆ ನಾನ ಕಳಿಸೇನಿ. ಇದು ಮೂರನೇದು. ಚಾರ್ಮಾಡ್ಯಾಗ ಇಲಿ ಕಾಟ ಭಾಳ ಅಂತ, ವಾರದ ಮ್ಯಾಲೆ ಇಡಾಕ ಬರಂಗಿಲ್ಲ. ಅದಕ್ಕ ಹದಿನೇಳಕ್ಕ ನೀವು ಪೋಸ್ಟ್ ಮಾಡ್ರಿ. ಇಪ್ಪತ್ತೈದಕ್ಕ ನಾ ಅಲ್ಲಿ ಇರ್ತೇನಿ. ಅಲ್ಲಿಂದ ಮುಂದ ಆರು ದಿನ ಅಂಗಡಿ ಇಲ್ಲ, ಮನಿ ಇಲ್ಲ. ಇದು ಬರಲಿಲ್ಲಂದ್ರ ನನಗ ಉಪವಾಸ” ಅಂದೆ. ನಾನು ಹೂಂ ಅಂದೆ.

ಹದಿನೇಳಕ್ಕೆ ಅದು ಹೋಗಲಿಲ್ಲ. ಇಪ್ಪತ್ತಕ್ಕೆ ನಾನು ಅದನ್ನು ಬಿಚ್ಚಿದೆ. ಬಿಚ್ಚಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಮಾಲು ಹಸಿ. ನೀನು ಮಾಳಿಗೆಯ ಮೇಲೆ ಪಂಚೆ ಹಾಸಿ ಒಣಗಿಸಿದ ಸಾರನ್ನ, ಬೇಳೆ, ಗಜ್ಜರಿ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದೆ. ಬಾಗಿತು. ಬಾಗಬಾರದು ಕೋಮಲಾ, ಮುರಿಯಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದು ಬರಬೇಕು. ಎರಡು ಕವರಿನಲ್ಲಿ ಆಗಲೇ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ನೀನು ಬಿಸಿಲಿನಿಂದ ತೆಗೆದದ್ದನ್ನು ಬಿಸಿ ಇರುವಾಗಲೇ ಕವರಿಗೆ ತುಂಬಿ ಬಾಯಿ ಮುಚ್ಚಿದ್ದಿ. ಒಳಗೆ ಅದು ಬೆವರಿದೆ. ಮೇಲಾಗಿ ಈ ಊರಲ್ಲಿ ನಾಲ್ಕು ಗಂಟೆಗೆ ಸಮುದ್ರದ ಗಾಳಿ ತಿರುಗುತ್ತದೆ. ಅಷ್ಟರೊಳಗೆ ಎತ್ತಿ ಒಳಗೆ ಇಡದಿದ್ದರೆ ಇಡೀ ದಿನ ಒಣಗಿದ್ದು ಒಂದು ಗಂಟೆಯಲ್ಲಿ ನೀರು ಕುಡಿಯುತ್ತದೆ. ನೆರಳಲ್ಲಿ ಹರಡಿ, ಆರಿಸಿ, ಆಮೇಲೆ ತುಂಬಬೇಕು. ಮನೆಯಲ್ಲಿ ಐವತ್ತು ವರ್ಷ ಮೆಣಸಿನಕಾಯಿ ಒಣಗಿಸಿದವನು ಕೂತಿದ್ದಾನೆ, ಅವನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ ನಿನಗೆ.

ಬೂಷ್ಟು ಹಿಡಿದದ್ದನ್ನು ಎಸೆದು ಹೊಸದಾಗಿ ಬೇಯಿಸಿ, ಉಳಿದದ್ದರ ಜೊತೆ ಎರಡು ದಿನ ನಾನೇ ಒಣಗಿಸಿದ್ದೇನೆ. ಪಕ್ಕದ ಮನೆಯ ಜಾನಕಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, “ಏನ್ರೀ ಇದು, ಸೊಸೆ ಹೋದ ಮೇಲೆ ಮಾವ ವಡಾಂ ಸಂಡಿಗೆ ಹಾಕೋಕೆ ಶುರು ಮಾಡಿದ್ರಾ?” ಎಂದು ಕೇಳಿದರು. ಕಾಗೆ ಓಡಿಸುತ್ತಾ ಕೂತವನು ಏನು ಉತ್ತರ ಕೊಡಬೇಕು? ಕಾಗೆಯನ್ನು ಓಡಿಸಿದ ಹಾಗೇ ಅವರನ್ನೂ ಓಡಿಸಿದೆ.

ಆದ್ದರಿಂದ ತಡವಾಯಿತು. ಇಪ್ಪತ್ತೈದು ಭಾನುವಾರ, ಇಪ್ಪತ್ತಾರು ಸರಕಾರಿ ರಜೆ. ಇವತ್ತು ಪೋಸ್ಟಿಗೆ ಹಾಕಿದರೆ ನೀನು ಆ ಊರಿಂದ ಹೊರಟ ಮೇಲೆ ತಲುಪುತ್ತದೆ. ಆದರೂ ತಲುಪುತ್ತದೆ. ಹೇಗೆ ಎನ್ನುವುದು ನಿನಗೆ ಬೇಡ.

ಇಲ್ಲಿಗೇ ಸಹಿ ಹಾಕಿ ಮುಗಿಸಬಹುದಿತ್ತು. ಆದರೆ ನೀನು ಅಷ್ಟು ದಡ್ಡಿಯಲ್ಲ. ಬಿಚ್ಚಿದ್ದು ಇಪ್ಪತ್ತಕ್ಕೆ, ಕಳಿಸಬೇಕಾದದ್ದು ಹದಿನೇಳಕ್ಕೆ. ನಡುವಿನ ಮೂರು ದಿನ ಅದು ಎಲ್ಲಿತ್ತು ಎಂದು ಕೇಳುತ್ತೀಯ. ನನ್ನ ಮಂಚದ ಕೆಳಗಿತ್ತು. ಬಿಂದು ಕೇಳಿದ್ದಕ್ಕೆ ಪೋಸ್ಟ್ ಮಾಡಿದೆ ಎಂದು ಸುಳ್ಳು ಹೇಳಿದೆ. ಹಸಿ ಮಾಲಿನ ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ಬೇಕೆಂದೇ ಇಟ್ಟುಕೊಂಡೆ.

ಯಾಕೆ ಎಂದರೆ ದೀಪಾವಳಿಯಿಂದ ಹೇಳಬೇಕು.

ದೀಪಾವಳಿ ಮುಗಿದ ವಾರ ಅಕ್ಕಿ ಡಬ್ಬಿಯ ಮುಚ್ಚಳ ತೆರೆದವನಿಗೆ ಅಕ್ಕಿ ಅರ್ಧಕ್ಕೆ ಇಳಿದದ್ದು ಕಂಡಿತು. ಬೆಳಿಗ್ಗೆ ಐದೂವರೆ. ನೀನು ಮನೆಯಲ್ಲಿ ಇರಲಿಲ್ಲ. ಏಳೂವರೆಗೆ ನೀನು ಸ್ನಾನಕ್ಕೆ ಹೋದಾಗ ಮತ್ತೆ ನೋಡಿದೆ, ಡಬ್ಬಿ ತುಂಬಿತ್ತು. ಮರುದಿನ ಒಳಗಡೆ ಪೆನ್ಸಿಲಿನಿಂದ ಗೆರೆ ಎಳೆದೆ. ಐದೂವರೆಗೆ ಗೆರೆಯ ಕೆಳಗೆ, ಏಳೂವರೆಗೆ ಗೆರೆಯ ಮೇಲೆ. ನನ್ನ ಜನ್ಮದಲ್ಲಿ ಅಕ್ಕಿ ಕದಿಯುವವರನ್ನು ನೋಡಿದ್ದೇನೆ, ಕದ್ದ ಅಕ್ಕಿಯನ್ನು ಎರಡು ಗಂಟೆಯಲ್ಲಿ ವಾಪಸ್ಸು ತರುವವರನ್ನು ನೋಡಿರಲಿಲ್ಲ. ಯಾರದೋ ಮನೆಗೆ ಹೊತ್ತುಕೊಂಡು ಹೋಗುತ್ತಾಳೆ, ಅವರು ಬೇಡ ಅನ್ನುತ್ತಾರೆ, ತಿರುಗಿ ತರುತ್ತಾಳೆ, ಹೀಗೆಲ್ಲ ಯೋಚಿಸಿದೆ. ನಾಲ್ಕನೆಯ ದಿನ ಆಟೋ ಮಾಡಿಕೊಂಡು ನಿನ್ನ ಹಿಂದೆ ಬಂದೆ. ನೀನು ಆ ದೊಡ್ಡ ಚೀಲ ಬೆನ್ನಿಗೆ ಏರಿಸಿಕೊಂಡು ವಂಡಲೂರಿನ ಕಡೆ ನಡೆದೆ, ಸೇತುವೆ ಹತ್ತಿ ಇಳಿದೆ, ಮತ್ತೆ ಹತ್ತಿ ಇಳಿದೆ. ಆರು ಸಲ. ಯಾರನ್ನೂ ಭೇಟಿಯಾಗಲಿಲ್ಲ. ಆಟೋದವನು ನನ್ನನ್ನು ನೋಡಿ, “ಪೆರಿಯವರೆ, ಅಂದ ಅಮ್ಮಾವುಕ್ಕು ಏದಾವದು ವೇಂಡುದಲಾ?” ಎಂದ. ಹರಕೆಯೂ ಅಲ್ಲ ಏನೂ ಅಲ್ಲ, ನಿನ್ನ ಗಾಡಿ ತಿರುಗಿಸು ಎಂದೆ.

ಆಮೇಲೆ ನೀನು ನನ್ನ ಹಳೆಯ ಹಿತ್ತಾಳೆಯ ತಕ್ಕಡಿ ಕೇಳಿದೆ. ಅಡುಗೆಗೆ ಇರಬಹುದು ಎಂದು ಕೊಟ್ಟೆ. ಬಾಗಿಲ ಸಂದಿಯಿಂದ ನೋಡಿದರೆ ನೀನು ಹಲ್ಲುಜ್ಜುವ ಬ್ರಷ್ಷನ್ನು ತಟ್ಟೆಯಲ್ಲಿಟ್ಟು ತೂಗುತ್ತಿದ್ದೆ. ತೂಗಿ, ಗರಗಸ ತೆಗೆದುಕೊಂಡು ಅದರ ಹಿಡಿಕೆಯನ್ನು ಅರ್ಧಕ್ಕೆ ಕೊಯ್ದು, ಮತ್ತೆ ತೂಗಿ ನಕ್ಕೆ. ಬಾಚಣಿಗೆಯನ್ನೂ ಮುರಿದೆ. ನಲವತ್ತೇಳು ವರ್ಷದ ಹೆಂಗಸು, ಪೆರುಂಗುಡಿಯ ಆಫೀಸಿನಲ್ಲಿ ಹನ್ನೆರಡು ಜನರನ್ನು ಕೆಲಸಕ್ಕೆ ಹಚ್ಚುವವಳು, ಬ್ರಷ್ಷು ಕೊಯ್ದು ನಗುತ್ತಾಳೆ ಎಂದರೆ ನಾನು ಏನು ತಿಳಿಯಬೇಕು? ಕುಮಾರಸ್ವಾಮಿ ಹೋಗಿ ಐದು ವರ್ಷವಾದ ಮೇಲೆ ಈಗ ಆ ದುಃಖ ತಲೆಗೆ ಏರಿತೇ ಅಂದುಕೊಂಡೆ. ನನ್ನ ಮಗ ಹೋದಾಗ ನೀನು ನನ್ನ ಎದುರಿಗೆ ಒಂದು ಸಲವೂ ಅತ್ತವಳಲ್ಲ. ಆವಾಗಲೇ ಅತ್ತಿದ್ದರೆ ಇಷ್ಟು ಅನುಮಾನ ಪಡುತ್ತಿರಲಿಲ್ಲ.

ಬೂಟಿನ ಡಬ್ಬಿ ಇನ್ನೊಂದು. ನಿನ್ನ ಕಾಲಿನ ಅಳತೆ ನನಗೆ ಗೊತ್ತು, ಬಾಗಿಲಲ್ಲಿ ದಿನಾ ನಿನ್ನ ಚಪ್ಪಲಿ ಎಡವುತ್ತೇನೆ. ಡಬ್ಬಿಯ ಮೇಲಿನ ಅಳತೆ ಅದಕ್ಕಿಂತ ಒಂದೂವರೆ ಹೆಚ್ಚು. ಗಂಡಸಿನ ಬೂಟು ಎಂದು ಖಾತ್ರಿ ಮಾಡಿಕೊಂಡೆ. ಬಿಂದುವನ್ನು ಕರೆದು ಯಾರಿಗೆ ಇದು ಎಂದರೆ ಅವಳು, “ಐಯೋ ತಾತಾ, ದಿನಾ ಇಪ್ಪತ್ತು ಕಿಲೋಮೀಟರ್ ನಡಂದಾ ಕಾಲು ವೀಂಗುಮ್ ಇಲ್ಲಯಾ? ಅದಕ್ಕೇ ದೊಡ್ಡದು” ಎಂದಳು. ಕಾಲು ಊದುವುದು ನನಗೆ ಗೊತ್ತಿಲ್ಲವೇ? ಚೀಲ ಹೊತ್ತ ಕಾಲು ಇದು. ಗೊತ್ತಿದ್ದರೂ ಬೂಟು ನೋಡಿದಾಗ ಅದು ತಲೆಗೆ ಬರಲಿಲ್ಲ. ಅನುಮಾನ ಬಂದವನಿಗೆ ಗೊತ್ತಿರುವುದೂ ಮರೆಯುತ್ತದೆ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ನೀನೇ ಹೇಳಿದೆ. ತಲಕಾವೇರಿಯಿಂದ ಜೋಗದ ತನಕ ಘಟ್ಟದ ಗುಂಟ ನಲವತ್ತು ದಿನ ನಡೆಯುವುದು, ಆರು ಹೆಂಗಸರು, ಆಫೀಸಿನ ಮಧುರಾ ಮುಂದಾಳು, ಅರಣ್ಯ ಇಲಾಖೆಯ ಪರವಾನಗಿ ಆಗಿದೆ, ರಜೆ ಬರೆದು ಕೊಟ್ಟಾಗಿದೆ, ಬೆಳಿಗ್ಗೆ ಚೀಲಕ್ಕೆ ಅಕ್ಕಿ ತುಂಬಿ ಹೊರುವುದು ಅದರ ಅಭ್ಯಾಸ. ಕೇಳಲಿಲ್ಲ, ಹೇಳಿದೆ. ನಾನು ನಂಬಲಿಲ್ಲ. ನಲವತ್ತು ದಿನ ನಡೆಯುವುದು ಎಂದರೆ ಏನು? ಬಸ್ಸಿಲ್ಲವೇ? ಮರುದಿನ ನಿನಗೆ ಹೇಳದೆ ಪೆರುಂಗುಡಿಗೆ ಬಂದೆ, ಮಧುರಾ ಎನ್ನುವವಳು ನಿಜವಾಗಿ ಇದ್ದಾಳೋ ಇಲ್ಲವೋ ನೋಡಲು. ವಾಚ್‌ಮನ್ನು ಕೊರಳಿಗೆ ಒಂದು ಚೀಟಿ ಹಾಕಿ ಸೋಫಾದ ಮೇಲೆ ಕೂರಿಸಿದ. ಅವಳು ಇಳಿದು ಬಂದಳು, ಇದ್ದಾಳೆ, ನಿನಗಿಂತ ಕುಳ್ಳಿ. “ಅಂಕಲ್, ಕೋಮಲಾ ಹೇಳಿದ್ದು ಸರೀನೇ, ನೀವು ಬಂದೇ ಬರ್ತೀರಾ ಅಂದಿದ್ದರು. ಕಾಫಿ ಕುಡೀತೀರಾ?” ಎಂದಳು. ನಾನು ಬರುತ್ತೇನೆ ಎಂದು ನಿನಗೆ ಮೊದಲೇ ಗೊತ್ತಿತ್ತು! ಕಾಫಿ ಕುಡಿಯಲಿಲ್ಲ. ಬಸ್ಸಿನಲ್ಲಿ ತಾಂಬರಂವರೆಗೂ ಹಲ್ಲು ಕಡಿಯುತ್ತಾ ಬಂದೆ.

ಇನ್ನು ಮೋನಪ್ಪ. ಈ ಮೂರನೇ ಪಾರ್ಸಲ್ಲಿನ ಮೇಲೆ ನೀನು ಬರೆದ ಹೆಸರು: ಮೋನಪ್ಪ, ಹೋಟೆಲು, ಚಾರ್ಮಾಡಿ ಘಾಟಿ ರಸ್ತೆ. ಹೊರಡುವ ಮುಂಚೆ ನೀನು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ, “ಮೋನಪ್ಪಣ್ಣಾ, ನಾ ಬರೂತನಕ ಯಾರ ಬಂದು ಕೇಳಿದ್ರೂ ಕೊಡಬ್ಯಾಡ್ರಿ, ಯಾರಿಗೂ ಏನೂ ಹೇಳಬ್ಯಾಡ್ರಿ” ಎಂದದ್ದು ನನ್ನ ಕಿವಿಗೆ ಬಿತ್ತು. ಕಿವಿಗೆ ಬಿತ್ತು ಎಂದರೆ, ಪರದೆಯ ಹಿಂದೆ ನಿಂತಿದ್ದೆ. ಒಬ್ಬ ಗಂಡಸಿನ ಮನೆಗೆ ಮೊದಲು ಗಂಟು ಸಾಗಿಸುತ್ತಿದ್ದಾಳೆ, ಕೊನೆಗೆ ತಾನೂ ಹೋಗುತ್ತಾಳೆ, ನಲವತ್ತು ದಿನ ಎಂದು ನಮಗೆ ಹೇಳಿದ್ದಾಳೆ, ನಲವತ್ತೊಂದನೇ ದಿನ ಫೋನ್ ಮಾಡಿ ಬರುವುದಿಲ್ಲ ಅನ್ನುತ್ತಾಳೆ. ನನ್ನ ಮನಸ್ಸಿನಲ್ಲಿ ಮೋನಪ್ಪನಿಗೆ ಮೀಸೆ ಕೂಡ ಬಂದಿತ್ತು.

ಹೋಗಬಾರದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸಲ ಹೇಳಿ ಆಗಿತ್ತು, ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಮದುವೆಯಾಗಿ ಬಂದ ಮೊದಲನೆಯ ವರ್ಷ, ಯುಗಾದಿಗೆ ತಿಂಗಳಿತ್ತು. ನಿಮ್ಮಪ್ಪನ ಜೊತೆ ವರ್ಷವರ್ಷವೂ ಜಮಖಂಡಿಯಿಂದ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದೆ, ಈ ವರ್ಷವೂ ಹೋಗಿ ಬರಲೇ ಎಂದು ಕೇಳಿದೆ. ಬಾಗಿಲಲ್ಲಿ ನಿಂತು, ತಲೆ ಮೇಲೆ ಸೆರಗು ಹೊದ್ದು ಕೇಳಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ರಸ್ತೆಯ ಮೇಲೆ ನಡೆಯುವುದಿಲ್ಲ ಎಂದೆ ನಾನು. ನಡೆಯುವುದೆಂದರೆ ಬಡವರ ಕೆಲಸ ಎಂದು ನನಗೆ ಆಗ. ನಮಗೆ ಅಂಬಾಸಿಡರ್ ಕಾರು ಬಂದಿತ್ತು. ಮುಂದಿನ ವರ್ಷ ನೀನು ಕೇಳಲಿಲ್ಲ. ಇಪ್ಪತ್ಮೂರು ವರ್ಷ ಕೇಳಲಿಲ್ಲ.

ಈ ಸಲ ನಾನೇ ಕೇಳಿದೆ, ನೆನಪಿದೆಯಲ್ಲ, ನಡೆಯುವುದೇ ಆದರೆ ಶ್ರೀಶೈಲಕ್ಕೆ ಹೋಗು, ಪುಣ್ಯವಾದರೂ ಬರುತ್ತದೆ, ಅಡವಿ ಸುತ್ತಿ ಏನು ಸಿಗುತ್ತದೆ ಎಂದು. ನೀನು ಚೀಲದ ಪಟ್ಟಿ ಬಿಗಿಯುತ್ತಾ, “ಅಲ್ಲಿಗೆ ಹೋದ್ರ ದೇವರ ಮುಂದ ನಿಂತು ಏನರ ಬೇಡಬೇಕಾಗ್ತೈತಿ ಮಾವಾರ. ನನಗ ಬೇಡೂದು ಏನೂ ಉಳದಿಲ್ಲ. ಸುಮ್ಮನ ನಡೀಬೇಕು ಅನಸೇತಿ” ಅಂದೆ. ಆ ಮಾತಿಗೂ ಬೇರೆ ಅರ್ಥ ಹಚ್ಚಿದೆ ನಾನು. ಬೇಡುವುದು ಏನೂ ಉಳಿದಿಲ್ಲ ಎಂದರೆ ಈ ಮನೆಯಲ್ಲಿ ಏನೂ ಉಳಿದಿಲ್ಲ ಎಂದು.

ನೀನು ಹೊರಟು ಹತ್ತು ದಿನವಾದ ಮೇಲೆ ಭೋಗಿ ಬಂತು. ಈ ಊರಿನವರೆಲ್ಲ ಹಳೆಯ ಚಾಪೆ, ಮುರಿದ ಮೊರ ಸುಡುತ್ತಿದ್ದರು, ಬೀದಿಯೆಲ್ಲ ಹೊಗೆ. ನಾನೂ ದೇವರ ಕಪಾಟು ಸ್ವಚ್ಛ ಮಾಡೋಣವೆಂದು ಬಾಗಿಲು ತೆರೆದೆ. ಮೇಲಿನ ಹಲಗೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ನಿನ್ನ ಕರಡಿಗೆ ಇತ್ತು. ಮದುವೆಯಲ್ಲಿ ನಾನು ಮಾಡಿಸಿ ಕೊಟ್ಟ ಬೆಳ್ಳಿಯ ಕರಡಿಗೆ. ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಡಬ್ಬಿ. ಅದನ್ನು ನೀನು ಸ್ನಾನಕ್ಕೂ ತೆಗೆದವಳಲ್ಲ. ನನ್ನ ಮಗ ಹೋದ ದಿನವೂ ತೆಗೆಯಲಿಲ್ಲ. ಕೈಗೆ ತೆಗೆದುಕೊಂಡು ಅಲ್ಲಾಡಿಸಿದೆ. ಖಾಲಿ.

ಲಿಂಗ ಇಲ್ಲ.

ಕೋಮಲಾ, ಆವತ್ತು ನನಗೆ ಏನಾಯಿತೆಂದು ನಾನು ಬರೆಯಲಾರೆ. ಲಿಂಗವನ್ನು ಕೊರಳಿಂದ ಇಳಿಸಿದವಳು ಮನೆಯನ್ನೂ ಇಳಿಸಿದ್ದಾಳೆ ಅಂದುಕೊಂಡೆ. ಆ ಹೊಗೆಯಲ್ಲಿ ಕೂತು ಕೆಮ್ಮುತ್ತಾ ಲೆಕ್ಕ ಸೇರಿಸಿದೆ: ಅಕ್ಕಿ, ಬೂಟು, ಮೋನಪ್ಪ, ಬೇಡುವುದು ಏನೂ ಉಳಿದಿಲ್ಲ, ಈಗ ಇದು. ಲಿಂಗವನ್ನು ಎಲ್ಲಿ ಬಿಟ್ಟಳು? ಹೊಳೆಗೆ ಹಾಕಿದಳೇ? ಯಾರ ಮಾತು ಕೇಳಿ? ಬಿಂದುವನ್ನು ಕೂಗಿ ನಿಮ್ಮವ್ವ ಓಡಿ ಹೋಗಿದ್ದಾಳೆ ಎಂದೆ. ಅವಳು ಕಿವಿಯಿಂದ ವೈರು ತೆಗೆದು, “ಓಡಿಪ್ಪೋಗಲೆ ತಾತಾ, ನಡಂದು ಪೋಯಿರುಕ್ಕಾಂಗ” ಎಂದು ಮತ್ತೆ ವೈರು ಸಿಕ್ಕಿಸಿಕೊಂಡಳು. ನಡೆದು ಹೋಗಿದ್ದಾಳಂತೆ. ಹಾಸ್ಯ! ಫೋನ್ ಮಾಡಿದರೆ ನಿನ್ನದು ಬಂದ್. ಭಾನುವಾರ ಭಾನುವಾರ ಬಿಂದುಗೆ ಮಾಡುತ್ತೀಯ, ಮಾವಾರ ಹೆಂಗದಾರ ಅಂತ ಕೇಳುತ್ತೀಯಂತೆ, ನನಗೆ ಕೊಡು ಅನ್ನುವುದಿಲ್ಲ. ನಾನೂ ಕೊಡು ಅನ್ನುವುದಿಲ್ಲ.

ಹದಿನೇಳು ಬಂತು. ಪಾರ್ಸಲ್ಲು ಕೈಯಲ್ಲಿ ಹಿಡಿದು ಪೋಸ್ಟಾಫೀಸಿನ ಬಾಗಿಲ ತನಕ ಹೋದೆ. ಯಾರದೋ ಮನೆ ತುಂಬುವುದಕ್ಕೆ ನಾನು ಯಾಕೆ ಗಂಟು ಹೊರಬೇಕು ಎಂದು ತಿರುಗಿ ಬಂದೆ. ಉಪವಾಸ ಬಿದ್ದರೆ ತಾನಾಗಿ ಮನೆಗೆ ಬರುತ್ತಾಳೆ ಎಂದುಕೊಂಡೆ. ಇದನ್ನು ನಾನು ಅಂದುಕೊಂಡದ್ದು ನಿಜ. ಬರೆದು ಕೊಡುತ್ತಿದ್ದೇನೆ, ಸುಳ್ಳು ಎಂದು ಆಮೇಲೆ ನಾನು ಹೇಳಿದರೆ ಈ ಕಾಗದ ತೋರಿಸು.

ಮೂರು ದಿನ ಮಂಚದ ಕೆಳಗೆ ಇಟ್ಟೆ. ಇಪ್ಪತ್ತಕ್ಕೆ ಚಾಕು ತೆಗೆದುಕೊಂಡು ಕೊಯ್ದೆ, ಒಳಗೆ ಮೋನಪ್ಪನಿಗೆ ಏನು ಬರೆದಿದ್ದೀಯ ನೋಡಲು. ಮೋನಪ್ಪನಿಗೆ ಏನೂ ಇರಲಿಲ್ಲ. ಆರು ದಿನದ ಊಟ, ಎರಡು ಜೊತೆ ಕಾಲುಚೀಲ, ಕಾಲಿಗೆ ಹಚ್ಚುವ ಮುಲಾಮು, ಒಂದು ಹಾಳೆ. ನಿನ್ನ ಅಕ್ಷರ. ಚೀಲದಲ್ಲಿ ಇರುವುದೆಲ್ಲದರ ಪಟ್ಟಿ, ಎದುರಿಗೆ ಗ್ರಾಮಿನಲ್ಲಿ ತೂಕ. ದಾರಿಯ ನಡುವೆ ಮತ್ತೆ ತೂಗಿ ಬೇಡದ್ದನ್ನು ಬಿಡುವುದಕ್ಕೆ ಇಟ್ಟುಕೊಂಡಿದ್ದೀ ಎಂದು ಬಿಂದು ಹೇಳಿದಳು. ಅದನ್ನು ಹೇಳಿದ್ದೇ ಅವಳ ಕೊನೆಯ ಮಾತು. ಕೊಯ್ದ ಪಾರ್ಸಲ್ಲು ನನ್ನ ತೊಡೆಯ ಮೇಲೆ ಇದ್ದದ್ದನ್ನು ನೋಡಿದ ಮೇಲೆ ಬಾಯಿ ಮುಚ್ಚಿದವಳು ಇನ್ನೂ ತೆರೆದಿಲ್ಲ.

ಪಟ್ಟಿ ಓದಿದೆ. ನೀನು ಬರೆದದ್ದು ನಿನಗೆ ಗೊತ್ತು, ಆದರೂ ನಾನು ಏನು ಓದಿದೆ ಎಂದು ತಿಳಿಯಲಿ. ಬ್ರಷ್ಷು, ಅರ್ಧ, ಏಳು. ಬಾಚಣಿಗೆ, ಅರ್ಧ, ಆರು. ಚಟ್ನಿಪುಡಿ, ಮಾವಾರು ಕುಟ್ಟಿದ್ದು, ಇನ್ನೂರು. ಅದರ ಮುಂದೆ, ಮಧುರಾ ಬೇಡ ಅಂದಳು, ಇರಲಿ. ಕೊನೆಯ ಎರಡು ಸಾಲು: ಲಿಂಗ, ಬಟ್ಟೆಯಲ್ಲಿ, ನಲವತ್ತೊಂದು. ಕರಡಿಗೆ, ತೊಂಬತ್ತೆರಡು, ಮನೆಯಲ್ಲಿ. ಬಂದ ಮೇಲೆ.

ಬಂದ ಮೇಲೆ. ಆ ಎರಡು ಮಾತನ್ನು ಎಷ್ಟು ಸಲ ಓದಿದೆನೋ. ಹಾಳೆಯನ್ನು ಕಿಟಕಿಗೆ ಹಿಡಿದು ಶಾಯಿ ಒಂದೇ ಇದೆಯೋ ಎಂದೂ ನೋಡಿದೆ. ಒಂದೇ. ನನಗೆ ತೋರಿಸಲೆಂದು ಆಮೇಲೆ ಸೇರಿಸಿದ್ದಲ್ಲ. ನನ್ನ ಕಣ್ಣಿಗೆ ಬೀಳುತ್ತದೆ ಎಂದು ನೀನು ಬರೆದವಳೇ ಅಲ್ಲ.

ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದಿ. ನಾನು, ಲಿಂಗ ಕಟ್ಟಿಕೊಂಡು ಹುಟ್ಟಿದ ಮನೆತನದವನು, ಖಾಲಿ ಡಬ್ಬಿ ನೋಡಿ ಲಿಂಗವೇ ಹೋಯಿತು ಎಂದು ತಿಳಿದೆ. ಬೆಳ್ಳಿಯಿಲ್ಲದೆ ಲಿಂಗ ಇರುತ್ತದೆ ಎನ್ನುವುದು ನನಗೆ ಮರೆತೇ ಹೋಗಿತ್ತು. ನಮ್ಮ ಅವ್ವ ಸಾಕಮ್ಮನನ್ನು ನೀನು ನೋಡಿಲ್ಲ. ಬೇರೆಯವರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಹಳೆಯ ಸೀರೆಯ ಅಂಚು ಹರಿದು ಅದರಲ್ಲಿ ಲಿಂಗ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದಳು. ಬೆವರಿಗೆ, ಖಾರದ ಕೈಗೆ ಆ ಬಟ್ಟೆ ಕೆಂಪಗಾಗಿರುತ್ತಿತ್ತು. ದುಡಿದು ನಿನಗೆ ಬೆಳ್ಳಿಯದು ಮಾಡಿಸುತ್ತೇನೆ ಎಂದು ಹೇಳಿ ನಾನು ಮದ್ರಾಸಿನ ರೈಲು ಹತ್ತಿದೆ. ಮಾಡಿಸುವಷ್ಟು ಆದಾಗ ಅವಳು ಇರಲಿಲ್ಲ. ಆ ಕೈಯೇ ನಿನಗೆ ಮಾಡಿಸಿತು. ಅದಕ್ಕೇ ಅದನ್ನು ಖಾಲಿ ನೋಡಿದಾಗ ನನಗೆ ತಡೆಯಲಾಗಲಿಲ್ಲ. ಇದನ್ನು ನೆವ ಎಂದು ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ನೀನು ಅವಳ ಹಾಗೆ ಕಟ್ಟಿಕೊಂಡು, ಅವಳ ಹಾಗೆಯೇ ನಡೆಯುತ್ತಿದ್ದಿ. ಬಡವರ ಕೆಲಸ ಎಂದಿದ್ದೆ ನಾನು.

ಈಗ ಕೇಳುವುದನ್ನು ನೇರವಾಗಿ ಕೇಳುತ್ತೇನೆ, ಸುತ್ತು ಬಳಸಿ ನನಗೆ ಬರುವುದಿಲ್ಲ. ಬಂದ ಮೇಲೆ ಎಂದು ಬರೆದಿದ್ದೀಯ. ಆ ಮಾತು ನಿಜವೇ? ನಾನು ಪಾರ್ಸಲ್ಲು ತಡೆದೆ, ಸುಳ್ಳು ಹೇಳಿದೆ, ನಿನ್ನ ಮೇಲೆ ಏನೇನೋ ಹೊರಿಸಿದೆ ಎಂದು ತಿಳಿದ ಮೇಲೂ ನಿಜವೇ? ಅಲ್ಲದಿದ್ದರೆ ಕರಡಿಗೆ ನಿನ್ನದು, ಎಲ್ಲಿಗೆ ಅಂದರೆ ಅಲ್ಲಿಗೆ ಕಳಿಸುತ್ತೇನೆ. ಬಿಂದು ಯಾರ ಜೊತೆ ಇರಬೇಕು ಎನ್ನುವುದು ಅವಳಿಗೆ ಬಿಟ್ಟದ್ದು. ಈಗಿನ ಮುಖ ನೋಡಿದರೆ ನನ್ನ ಜೊತೆಯಂತೂ ಅಲ್ಲ. ನಾನು ಅಡುಗೆ ಮಾಡಿಕೊಳ್ಳುತ್ತೇನೆ, ಎರಡು ದಿನದಲ್ಲಿ ಕಲಿತಿದ್ದೇನೆ. ನಿಜವಾಗಿದ್ದರೆ ಒಂದು ಮಾತು ಹೇಳು ಸಾಕು. ಉದ್ದ ಬೇಡ.

ಇವತ್ತಿನ ಪಾರ್ಸಲ್ಲಿನಲ್ಲಿ ಊಟ ಏಳು ದಿನದ್ದಿದೆ, ಒಂದು ಹೆಚ್ಚಿಗೆ. ನೂರ ಇಪ್ಪತ್ತು ಗ್ರಾಂ ಭಾರವಾಗುತ್ತದೆ, ಬೈದುಕೋ. ಎಲ್ಲವನ್ನೂ ಮುರಿದು ನೋಡಿ, ಆರಿಸಿ ತುಂಬಿದ್ದೇನೆ. ಮೊದಲೆರಡು ಪಾರ್ಸಲ್ಲಿನ ಊಟದಿಂದ ಹೊಟ್ಟೆ ಕೆಟ್ಟಿದ್ದರೆ ಅದನ್ನು ಬಿಂದುಗೆ ಮಾತ್ರ ಹೇಳಿ ನನ್ನಿಂದ ಮುಚ್ಚಿಟ್ಟಿದ್ದೀಯ ಎಂದು ನನಗೆ ಅನುಮಾನ.

ಕಾಲಿನ ಬೊಬ್ಬೆಯನ್ನು ಒಡೆಯಬೇಡ.

ಇಂತಿ ನಿನ್ನ ಮಾವ,
ಗುರುಬಸಪ್ಪ

ತಾ.ಕ.: 24-1-2026, ಶನಿವಾರ. ಇದನ್ನು ಮೋನಪ್ಪನ ಹೋಟೆಲಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪೋಸ್ಟು ತಲುಪುವುದಿಲ್ಲವಲ್ಲ, ನಾನೇ ತಂದೆ. ಬಿಂದುಗೆ ಪರೀಕ್ಷೆ, ಅವಳಿಗೆ ಬರಲಾಗಲಿಲ್ಲ. ರೈಲಿನ ಟಿಕೆಟ್ಟು ಮಾತ್ರ ಮಾತಾಡದೆ ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದಳು. ಮಂಗಳೂರಿನ ರೈಲು, ಆಮೇಲೆ ಎರ‍ಡು ಬಸ್ಸು. ಹೊರಡುವಾಗ ನನ್ನ ಕರಡಿಗೆಯನ್ನೂ ನಿನ್ನದರ ಪಕ್ಕದಲ್ಲಿ ಇಟ್ಟು, ಲಿಂಗವನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿಕೊಂಡೆ. ಕೊರಳು ಹಗುರಾಗಿದೆ. ಯಾರಿಗೂ ಹೇಳಬೇಡ.

ಮೋನಪ್ಪನಿಗೆ ಮೀಸೆಯಿಲ್ಲ, ಹಲ್ಲೂ ಇಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನು. ಕೋಮಲಾನ ಮಾವ ನಾನು, ಪಾರ್ಸಲ್ಲು ತಂದಿದ್ದೇನೆ, ಇಲ್ಲೇ ಕಾಯುತ್ತೇನೆ ಎಂದೆ. ಮೇಲಿಂದ ಕೆಳಗೆ ನೋಡಿದ. “ಪೋಸ್ಟಿನಲ್ಲಿ ಬರ್ತದೆ ಅಂತ ಅಲ್ವಾ ಅವರು ಹೇಳಿದ್ದು? ನೀವು ಯಾರು ಅಂತ ನನಗೆ ಹೇಗೆ ಗೊತ್ತಾಗುವುದು ಮಾರಾಯ್ರೆ? ಹೆಂಗಸರು ಮಾತ್ರ ಅಡವಿಯಲ್ಲಿ ನಡೀತಾರೆ, ಯಾರು ಬಂದು ಕೇಳಿದರೂ ಹೇಳಬೇಡಿ ಅಂದಿದ್ದಾರೆ” ಎಂದ. ಆಧಾರ್ ಕಾರ್ಡು ತೋರಿಸಿದೆ. ಕನ್ನಡಕ ಹಾಕಿ ಎರಡೂ ಕಡೆ ಓದಿ, “ಇದರಲ್ಲಿ ಮಾವ ಅಂತ ಎಲ್ಲಿಯೂ ಬರೆದಿಲ್ಲವಲ್ಲ” ಎಂದು ವಾಪಸ್ಸು ಕೊಟ್ಟ. ಪಾರ್ಸಲ್ಲನ್ನು ಮುಟ್ಟಲೂ ಇಲ್ಲ. ಒಳಗೆ ಏನಿದೆಯೋ ಯಾರಿಗೆ ಗೊತ್ತು ಅನ್ನುತ್ತಾನೆ. ನೀನು ಯಾವ ದಾರಿಯಿಂದ ಬರುತ್ತೀ, ಎಷ್ಟು ಹೊತ್ತಿಗೆ ಬರುತ್ತೀ, ಒಂದೂ ಹೇಳಲಿಲ್ಲ. ಚಹಾ ಕೊಟ್ಟ, ಮಲಗಲು ಚಾಪೆ ಕೊಡುತ್ತೇನೆ ಎಂದ, ನನ್ನ ಮೇಲಿನ ಕಣ್ಣು ಮಾತ್ರ ತೆಗೆಯುತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಜಗಳ ತೆಗೆಯುತ್ತಿದ್ದೆ. ಇವನ ಜೊತೆ ಆಗಲಿಲ್ಲ. ಪಾರ್ಸಲ್ಲು ಇಡಲು ಸರಿಯಾದ ಮನುಷ್ಯನನ್ನೇ ಹುಡುಕಿದ್ದೀಯ.

ಎದುರಿಗೆ ನಿಂತರೆ ನನಗೆ ಬೈಯಲು ಬರುತ್ತದೆ, ಇನ್ನೇನೂ ಬರುವುದಿಲ್ಲ. ಅದಕ್ಕೆ ಈ ಕಾಗದವನ್ನು ನೀನು ಬಂದ ಕೂಡಲೇ ಕೊಡು ಎಂದು ಅವನ ಕೈಗೆ ಕೊಡುತ್ತೇನೆ. ಕಾಗದವಾದರೆ ತೆಗೆದುಕೊಳ್ಳುತ್ತಾನಂತೆ. ನಾನು ಹಿಂದುಗಡೆ ಹಲಸಿನ ಮರದ ಕೆಳಗೆ ಪಾರ್ಸಲ್ಲಿನ ಜೊತೆ ಕೂತಿರುತ್ತೇನೆ. ಓದಿದ ಮೇಲೆ, ನಿನಗೆ ಮನಸ್ಸಿದ್ದರೆ, ಮೋನಪ್ಪನಿಗೆ ಹೇಳು, ಹೊರಗೆ ಕೂತವನು ನಿನಗೆ ಏನಾಗಬೇಕು ಅಂತ. ನಾನು ಹೇಳಿದರೆ ಅವನು ನಂಬುವುದಿಲ್ಲ.